ಟ್ರೀಟ್‌ಮೆಂಟ್ ಇಬ್ಬರದ್ದು, ಪಥ್ಯ ಅವಳೊಬ್ಬಳಿಗೇ ಯಾಕೆ?

ಮುಂಬೈ ಸುತ್ತಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡದ ಹೆಣ್ಣುಮಕ್ಕಳು ಈಗೀಗ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ, ಭ್ರೂಣವನ್ನು ಗರ್ಭಕ್ಕೆ ಬಿಡುವ ಚಿಕಿತ್ಸೆ) ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿದ್ದಾರೆ. ಅದು ನನಗೆ ನಿಜಕ್ಕೂ ಸಂತೋಷ. ಆ ಇಂಜೆಕ್ಷನ್, ಆ ಕಾಯುವಿಕೆ ಎಲ್ಲ ನಾನೂ ಕಂಡವಳು. ಆದರೆ ಮಾತು ಊಟಕ್ಕೆ ಬಂತು ಅಂದರೆ ಎಲ್ಲರ ಕಣ್ಣು ಅವಳ ತಟ್ಟೆಯ ಮೇಲೆ. ಪಪಾಯಿ ತಿಂದೆಯಾ? ಎಳ್ಳು ಮುಟ್ಟಿದೆಯಾ? ಟ್ರಾನ್ಸ್‌ಫರ್ ಆದ ಮೇಲೆ, ಅಂದರೆ ಭ್ರೂಣವನ್ನು ಗರ್ಭಕ್ಕೆ ಬಿಟ್ಟ ಮೇಲೆ, ಅನಾನಸ್ ತಿನ್ನಬೇಕಂತೆ, ತಿಂದೆಯಾ? ಅದೇ ಗಂಡ ಸ್ಟೇಷನ್ ಹೊರಗೆ ವಡಾಪಾವ್ ತಿಂದು, ಸಿಗರೇಟು ಸೇದಿ ಮನೆಗೆ ಬಂದರೆ ಕೇಳುವವರಿಲ್ಲ.

ಮುಂಬೈಗೆ ಐವಿಎಫ್ ಹೊಸದೇನಲ್ಲ. 1986ರ ಆಗಸ್ಟ್ 6ರಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಪ್ರನಾಳ ಶಿಶು, ಅಂದರೆ ಐವಿಎಫ್‌ನ ಮಗು, ಹುಟ್ಟಿತ್ತು. ಅಷ್ಟು ವರ್ಷವಾದರೂ ಹೆಣ್ಣಿನ ಮೇಲೆ ಹೊರಿಸುವ ಮಾತು ಹಾಗೇ ಉಳಿದಿದೆ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಅಂದರೆ ಸ್ಯಾಂಪಲ್ ಕೊಡುವ ದಿನದ ಗುಣ, ಹಿಂದಿನ ಎರಡು ಮೂರು ತಿಂಗಳ ಬದುಕಿನ ಲೆಕ್ಕ. ತಂಬಾಕು, ಗುಟ್ಕಾ, ಕುಡಿತ, ಹೊಟ್ಟೆಯ ಬೊಜ್ಜು ಎಲ್ಲವೂ ಅದರಲ್ಲಿ ಬರುತ್ತವೆ. ಹಾಗಾಗಿ ಚಿಕಿತ್ಸೆಗೆ ಮೂರು ತಿಂಗಳ ಮೊದಲೇ ಇಬ್ಬರ ಊಟವೂ ಬದಲಾಗಬೇಕು. ಇದಕ್ಕೂ ಒಂದು ಡಬ್ಬಿ ಪುಡಿ ಮಾರುವವರಿದ್ದಾರೆ, ನಂಬಬೇಡಿ. 2020ರಲ್ಲಿ ಅಮೆರಿಕದಲ್ಲಿ 2,370 ದಂಪತಿಗಳ ಅಧ್ಯಯನ ಪ್ರಕಟವಾಯಿತು. ಗಂಡಸರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟರೂ ಮಕ್ಕಳಾಗುವ ಪ್ರಮಾಣ ಹೆಚ್ಚಲಿಲ್ಲ. ಮಾತ್ರೆ ನುಂಗಿ ಸಿಗರೇಟು ಮುಂದುವರಿಸಿದರೆ ಏನು ಬಂತು?

ಹೆಣ್ಣಿಗೆ ಮಾತ್ರ ಫೋಲಿಕ್ ಆಸಿಡ್ ಮಾತ್ರೆ ಬೇಕೇ ಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ, ಕೆಲವರಿಗೆ ಡಾಕ್ಟರು ಜಾಸ್ತಿ ಬರೆಯುತ್ತಾರೆ. ಮಗುವಿನ ಮೆದುಳು, ಬೆನ್ನುಹುರಿಯ ನಾಳ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ರಿಪೋರ್ಟ್ ಬಂದ ಮೇಲೆ ಶುರು ಮಾಡಿದರೆ ತಡ. ಇದನ್ನು ಊಟದಿಂದಷ್ಟೇ ತುಂಬಿಸುವುದು ಕಷ್ಟ.

ಉಳಿದದ್ದಕ್ಕೆ ನಮ್ಮ ಅಡುಗೆಮನೆ ಸಾಕು. ನನಗೆ ಒಂದು ಕಡೆ ಕೊಟ್ಟ ಡಯಟ್ ಚಾರ್ಟ್ ತುಂಬಾ ಕ್ವಿನೋವಾ, ಅವಕಾಡೊ, ಬ್ಲೂಬೆರಿ. ಬಾಡಿಗೆ, ಇಂಜೆಕ್ಷನ್ ಖರ್ಚಿನ ನಡುವೆ ಯಾರು ಕೊಳ್ಳುತ್ತಾರೆ? ತರಕಾರಿ, ಕಾಳು, ಹಣ್ಣು, ಮೀನು, ಬೀಜಗಳು ಜಾಸ್ತಿ. ಮೈದಾ, ಸಕ್ಕರೆ, ಕರಿದದ್ದು ಕಡಿಮೆ. ಸಂಶೋಧನೆಗಳು ಹೇಳುವುದರ ಸಾರ ಇಷ್ಟೇ. ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಬಸಳೆ, ರಾಗಿ, ಕುಚ್ಚಲಕ್ಕಿ ಅನ್ನ, ಒಂದು ಹಿಡಿ ಶೇಂಗಾ. ಮಾಟುಂಗಾ ಮಾರ್ಕೆಟ್‌ಗೆ ಹೋದರೆ ನಮ್ಮ ಊರಿನದ್ದೆಲ್ಲ ಸಿಗುತ್ತದಲ್ವಾ? ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಒಳ್ಳೆಯದು. ಒಮೇಗಾ-3 ಇದೆ, ಪಾದರಸ ಕಡಿಮೆ, ಅಂಜಲ್‌ಗಿಂತ ಅಗ್ಗ. ಶಾರ್ಕ್‌ನಂಥ ದೊಡ್ಡ ಮೀನು ಬೇಡ. ಸಸ್ಯಾಹಾರಿಗಳು ಬಿ12 ಒಮ್ಮೆ ಟೆಸ್ಟ್ ಮಾಡಿಸಿ. ಫಿಲ್ಟರ್ ಕಾಫಿ ಬಿಡಲೇಬೇಕಿಲ್ಲ, ದಿನಕ್ಕೆ ಒಂದೆರಡು ಸಣ್ಣ ಲೋಟಕ್ಕೆ ನಿಲ್ಲಿಸಿ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದು ತೂಕ ಜಾಸ್ತಿ ಇರುವವರು ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಅಂಡಾಣು ಬಿಡುಗಡೆ ಸುಧಾರಿಸಬಹುದು. ಆದರೆ ಉಪವಾಸ ಬಿದ್ದು ಇಳಿಸಬೇಡಿ.

ಇನ್ನೊಂದು ವಿಷಯ ಯಾವ ಚಾರ್ಟ್‌ನಲ್ಲೂ ಇರುವುದಿಲ್ಲ. ಅವಳು ಯಾವಾಗ ಉಣ್ಣುತ್ತಾಳೆ? ಬೆಳಗ್ಗೆ ಎದ್ದು ಎಲ್ಲರ ಡಬ್ಬಾ ಕಟ್ಟುತ್ತಾಳೆ. ಹಸಿದ ಹೊಟ್ಟೆಯಲ್ಲೇ ಫಾಸ್ಟ್ ಲೋಕಲ್ ಹಿಡಿಯುತ್ತಾಳೆ. ರಾತ್ರಿ ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅವಳಿಗೆ. ಮೀನಿನ ತುಂಡು, ಮೊಟ್ಟೆ, ಗಟ್ಟಿ ಮೊಸರು ಅಷ್ಟರಲ್ಲಿ ಮುಗಿದಿರುತ್ತವೆ. ಇಂಥ ಮನೆಯಲ್ಲಿ ಪೌಷ್ಟಿಕ ಆಹಾರದ ಪಟ್ಟಿ ಫ್ರಿಜ್ ಮೇಲೆ ಅಂಟಿಸಿ ಏನು ಉಪಯೋಗ? ಗಂಡ ಅಡುಗೆಮನೆಗೆ ಇಳಿಯಬೇಕು. ಅತ್ತೆಯಂದಿರೇ, ದಯವಿಟ್ಟು ಅವಳಿಗೆ ಮೊದಲು ಬಡಿಸಿ.

ಚಿಕಿತ್ಸೆ ಕೈಕೊಟ್ಟಾಗ ಆಡುವ ಮಾತಿನ ಬಗ್ಗೆಯೂ ಹೇಳಲೇಬೇಕು. ನನ್ನ ಪರಿಚಯದ ಹುಡುಗಿಯೊಬ್ಬಳು, "ಅಕ್ಕ, ಮದುವೆ ಮನೆಯಲ್ಲಿ ಎರಡು ಹೋಳು ಪಪಾಯಿ ತಿಂದಿದ್ದೆ, ಅದಕ್ಕೇ ಹೀಗಾಯ್ತಂತೆ" ಅಂತ ಫೋನಿನಲ್ಲಿ ಅತ್ತಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಹಸಿ ಪಪಾಯಿ ಕಾಯಿ ಬೇಡ, ಸರಿ. ಆದರೆ ಎರಡು ಹೋಳು ಹಣ್ಣಿನಿಂದ ಭ್ರೂಣ ಹೋಗುವುದಿಲ್ಲ. ಅನಾನಸ್ ತಿಂದರೆ ನಿಲ್ಲುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಭ್ರೂಣ ನಿಲ್ಲದಿರಲು ಮುಖ್ಯ ಕಾರಣ ಹೆಚ್ಚಾಗಿ ಅದರ ಕ್ರೋಮೋಸೋಮ್‌ಗಳಲ್ಲಿನ ದೋಷ. ವಯಸ್ಸಾದಂತೆ ಅದು ಜಾಸ್ತಿಯಾಗುತ್ತದೆ, ಯಾವ ಊಟವೂ ಅದನ್ನು ತಿದ್ದಲಾರದು. ಇದನ್ನು ಅವಳ ಅತ್ತೆಗೂ ಫೋನ್ ಮಾಡಿ ಹೇಳಿದೆ.

ಈಗ ಶುರು ಮಾಡುವವರು ಪುಡಿ, ಟಾನಿಕ್ ಕೊಳ್ಳುವ ಮೊದಲು ಹೀಮೊಗ್ಲೋಬಿನ್, ಥೈರಾಯ್ಡ್, ಶುಗರ್, ವಿಟಮಿನ್ ಡಿ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಗಂಡನ ಶುಗರ್ ಕೂಡ ಅದೇ ದಿನ ನೋಡಿಸಿ.