ಕೀ ಕಿತ್ತುಕೊಳ್ಳೋಕೆ ಯಾವ ಸೆಕ್ಷನ್ನು ಸ್ವಾಮಿ?

ತುಮಕೂರಿನಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಒಂದು ಸನ್ನೆ ಗೊತ್ತು. ಎದುರಿಗೆ ಬರುವವನು ಹೆಡ್‌ಲೈಟ್ ಮಿಟುಕಿಸಿ, ಅಂಗೈಯಲ್ಲಿ ನೆತ್ತಿ ತಟ್ಟಿಕೊಂಡ ಅಂದ್ರೆ ‘ಮುಂದೆ ಹಿಡೀತಾವ್ರೆ, ಹೆಲ್ಮೆಟ್ ಹಾಕ್ಕೋ’ ಅಂತ. ಯಾವ ಜಾತಿ, ಯಾವ ಪಕ್ಷ ಅಂತ ಕೇಳದೆ ಗುರುತು ಪರಿಚಯ ಇಲ್ಲದವನಿಗೆ ಮಾಡುವ ಉಪಕಾರ ನಮ್ಮೂರಲ್ಲಿ ಇದೊಂದೇ ಉಳಿದಿರೋದು ಅನ್ನಿಸುತ್ತೆ. ಪೊಲೀಸರ ಬಗ್ಗೆ ಜನ ಏನಂದುಕೊಂಡಿದ್ದಾರೆ ಅಂತ ತಿಳಿಯೋಕೆ ಸರ್ವೆ ಬೇಕಿಲ್ಲ, ಬಟವಾಡಿಯಿಂದ ಟೌನ್‌ಹಾಲ್‌ವರೆಗೆ ಬಿ.ಎಚ್. ರಸ್ತೆಯಲ್ಲಿ ಒಂದು ಸಲ ಗಾಡಿ ಓಡಿಸಿದರೆ ಸಾಕು.

ಕಾಮೆಂಟಿನಲ್ಲಿ ಜಗಳಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹೆಲ್ಮೆಟ್ ವಿರೋಧಿ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಹೆಲ್ಮೆಟ್ ಇಲ್ಲದೆ ಹೋದವರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ಹಾಕದವನಿಗೆ ದಂಡ ಹಾಕಿ. ಕೇಂದ್ರ 2019ರಲ್ಲಿ ಸಾವಿರ ರೂಪಾಯಿ ಮಾಡಿದ್ದನ್ನು ಕರ್ನಾಟಕ ಐನೂರಕ್ಕೆ ಇಳಿಸಿತು, ಆ ಐನೂರನ್ನು ಬಿಡಬೇಡಿ, ವಸೂಲು ಮಾಡಿ. ನನ್ನ ತಕರಾರು ಇರೋದು ಐನೂರು ರೂಪಾಯಿ ವಸೂಲಿಗೆ ಓಡುತ್ತಿರುವ ಗಾಡಿಯ ಮೇಲೆ ಕೈ ಹಾಕುವ ಪದ್ಧತಿಯ ಬಗ್ಗೆ. ಅಡ್ಡ ಹಾರೋದು, ಹ್ಯಾಂಡಲ್ ಹಿಡಿದೆಳೆಯೋದು, ಕೀ ಕಿತ್ತುಕೊಳ್ಳೋದು, ಲಾಠಿ ಬೀಸೋದು, ‘ಲೋ, ಸೈಡಿಗೆ ಹಾಕೋ’ ಅಂತ ಅಪ್ಪನ ವಯಸ್ಸಿನವರನ್ನೂ ಏಕವಚನದಲ್ಲಿ ಕರೆಯೋದು.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಆದದ್ದನ್ನು ಯಾರೂ ಮರೆತಿಲ್ಲ ಅಂದುಕೊಂಡಿದ್ದೇನೆ. ನಾಯಿ ಕಚ್ಚಿದ ಪುಟ್ಟ ಮಗುವನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಸಂಚಾರ ಪೊಲೀಸರು ತಡೆದರು. ಆ ಗಲಿಬಿಲಿಯಲ್ಲಿ ಮಗು ರಸ್ತೆಗೆ ಬಿತ್ತು, ಅದರ ಮೇಲೆ ವಾಹನ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ನಾಯಿ ಕಚ್ಚಿದ ಗಾಯಕ್ಕೆ ಇಂಜೆಕ್ಷನ್ ಕೊಡಿಸಲು ಹೊರಟಿದ್ದ ಅಪ್ಪ ಮಗಳ ಹೆಣ ಎತ್ತಿಕೊಂಡು ನಡುರಸ್ತೆಯಲ್ಲಿ ಕೂತ. ಕಾರಣ ಹೆಲ್ಮೆಟ್ ತಪಾಸಣೆ. ತಲೆ ಉಳಿಸಲು ಮಾಡಿದ ಕಾನೂನು.

ಅದಾದ ಮೇಲೆ ಡಿಜಿಪಿ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಗಾಡಿ ನಿಲ್ಲಿಸಬೇಡಿ, ಹಠಾತ್ತನೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋದವನ ಬೆನ್ನು ಹತ್ತದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ, ಹೆದ್ದಾರಿಯಲ್ಲಿ ಅಂಕುಡೊಂಕು ಬ್ಯಾರಿಕೇಡ್ ಇಡಬೇಡಿ ಅಂತ. ಒಳ್ಳೆಯ ಸುತ್ತೋಲೆ. ಆದರೆ ಹೊಸದೇನೂ ಅಲ್ಲ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಬೆಂಗಳೂರಿನ ಬಗ್ಗೆ ಬಂದ ದೂರಿಗೆ ಉತ್ತರಿಸುತ್ತಾ ಬರೀ ದಾಖಲೆ ನೋಡೋಕೆ ಅಂತ ಗಾಡಿ ನಿಲ್ಲಿಸುವ ಹಾಗಿಲ್ಲ, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಅಂದಿದ್ದರು. ಮೂರು ವರ್ಷದಲ್ಲಿ ಅದೇ ಮಾತನ್ನು ಇನ್ನೊಬ್ಬ ಡಿಜಿಪಿ ಮತ್ತೆ ಹೇಳಬೇಕಾಯಿತು, ಅದೂ ಒಂದು ಮಗು ಹೋದ ಮೇಲೆ. ಮೊದಲನೆಯದು ಎಲ್ಲಿ ಸಿಕ್ಕಿಹಾಕಿಕೊಂಡಿತ್ತೋ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತೆ. 60ರಲ್ಲಿದ್ದರೆ ಹತ್ತಿರ ಹತ್ತಿರ ಹದಿನೇಳು ಮೀಟರ್. ನಮ್ಮಲ್ಲಿ ತಪಾಸಣೆಗೆ ನಿಲ್ಲುವವರು ಎಲ್ಲಿ ನಿಲ್ಲುತ್ತಾರೆ ಗಮನಿಸಿ. ದೂರದಿಂದ ಕಾಣುವ ಕಡೆ ಅಲ್ಲ. ತಿರುವು ದಾಟಿದ ಕೂಡಲೇ, ಬಸ್ ಮರೆಯಲ್ಲಿ, ಫ್ಲೈಓವರ್ ಕಂಬದ ಹಿಂದೆ. ಸವಾರನಿಗೆ ಕಾಣಿಸುವ ಹೊತ್ತಿಗೆ ಹತ್ತು ಹದಿನೈದು ಮೀಟರ್ ಉಳಿದಿರುತ್ತೆ. ‘ಅಯ್ಯೋ’ ಅನ್ನೋಕೇ ಒಂದು ಸೆಕೆಂಡ್ ಬೇಕು. ಅವನು ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತುತ್ತಾನೆ, ರಸ್ತೆ ಅಂಚಿನಲ್ಲಿ ಮರಳು ಜಲ್ಲಿ ಇರುತ್ತೆ, ಚಕ್ರ ಜಾರುತ್ತೆ. ಹಿಂದೆ ಬರುವ ಟಿಪ್ಪರಿನವನಿಗೆ ಮುಂದೆ ಏನು ನಡೆಯುತ್ತಿದೆ ಅನ್ನುವ ಸುಳಿವೇ ಇರಲ್ಲ. ಇದರ ಮೇಲೆ ಒಬ್ಬರು ತೋಳು ಹಿಡಿದು ಎಳೆದರೆ ಬ್ಯಾಲೆನ್ಸ್ ಇಟ್ಟುಕೊಳ್ಳಲು ಸರ್ಕಸ್ಸಿನವರೇ ಬೇಕು.

ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯೊಂದರಲ್ಲಿ ಬೆಳಗಿನ ಜಾವ ನೋಡಿದ್ದು ಹೇಳುತ್ತೇನೆ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಸೊಪ್ಪು ಹಾಕೋಕೆ ಟಿವಿಎಸ್ ಎಕ್ಸೆಲ್‌ನಲ್ಲಿ ಹೊರಟಿದ್ದ ಮನುಷ್ಯ. ಹಿಂದೆ ಕಟ್ಟು ಕಟ್ಟು ಕೊತ್ತಂಬರಿ, ಮೆಂತ್ಯ, ಹೆಚ್ಚು ಕಮ್ಮಿ ಅವನಷ್ಟೇ ಎತ್ತರ. ಭಾರವೆಲ್ಲ ಹಿಂದಿದ್ದಾಗ ಎಕ್ಸೆಲ್ ಮುಂಭಾಗ ಎಷ್ಟು ಹಗುರ ಇರುತ್ತೆ ಅಂತ ಓಡಿಸಿದವರಿಗೆ ಗೊತ್ತು. ಪಕ್ಕದಿಂದ ಬಂದವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದರು ಅಷ್ಟೇ, ಗಾಡಿ ಹಾಗೇ ಮಗುಚಿತು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸೊಪ್ಪು ಟಾರಿನ ಮೇಲೆ ಹರಡಿತು, ಒಂದೆರಡು ಕಟ್ಟಿನ ಮೇಲೆ ಕಾರು ಹೋಯಿತು. ಆಮೇಲೆ ದಂಡದ ರಸೀದಿ ಕೊಟ್ಟರು. ಆವತ್ತಿನ ಸೊಪ್ಪಿನ ದುಡ್ಡು ಎಷ್ಟಾಗುತ್ತಿತ್ತೋ ಏನೋ, ದಂಡ ಕಟ್ಟಿ ಪೆಟ್ರೋಲಿಗೆ ಉಳಿದಿರಲಿಕ್ಕಿಲ್ಲ. ಅದೇ ಹೊತ್ತಿನಲ್ಲಿ ಸೀಟ್ ಬೆಲ್ಟ್ ಇಲ್ಲದ ಬಿಳಿ ಕಾರುಗಳು ಸಾಲಾಗಿ ಹೋದವು. ಕಾರಿನ ಕಿಟಕಿಗೆ ಕೈ ಹಾಕಿ ಕೀ ಕೀಳುವ ಧೈರ್ಯ ಯಾರಿಗಿದೆ? ಒಳಗೆ ಯಾರ ಕಡೆಯವರು ಕೂತಿರುತ್ತಾರೋ.

ಈಗ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಡಿಎಲ್ ತೋರಿಸಲೇಬೇಕು. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತೆ, ‘ಒರಿಜಿನಲ್ ಎಲ್ಲಿ’ ಅಂತ ಗದರುವ ಹಾಗಿಲ್ಲ. ಆರ್‌ಸಿ, ಇನ್ಶೂರೆನ್ಸ್ ಕೈಯಲ್ಲಿ ಇಲ್ಲದಿದ್ದರೆ 15 ದಿನದೊಳಗೆ ದೃಢೀಕರಿಸಿದ ನಕಲು ಕೊಡಲು ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮದಲ್ಲಿ ಅವಕಾಶ ಇದೆ. ಕಾಯ್ದೆಯ 206ನೇ ಸೆಕ್ಷನ್‌ನಲ್ಲಿ ಡಿಎಲ್ ವಶಕ್ಕೆ ತೆಗೆದುಕೊಳ್ಳಬಹುದು, ಆದರೆ ಸ್ವೀಕೃತಿ ಪತ್ರ ಕೊಡಬೇಕು. ಗಾಡಿಯನ್ನೇ ಹಿಡಿದಿಟ್ಟುಕೊಳ್ಳುವ ಅಧಿಕಾರ ಇರೋದು 207ರಲ್ಲಿ. ಅದನ್ನು ಓದಿ ನೋಡಿ. ಲೈಸೆನ್ಸ್ ಇಲ್ಲದೆ ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಇಲ್ಲದಿದ್ದರೆ ಅಥವಾ ಪರ್ಮಿಟ್ ಷರತ್ತು ಮುರಿದಿದ್ದರೆ. ಹೆಲ್ಮೆಟ್ ಆ ಪಟ್ಟಿಯಲ್ಲೇ ಇಲ್ಲ. ಇನ್ನು ಕೀ ಕಿತ್ತುಕೊಳ್ಳುವ ಸೆಕ್ಷನ್ ಇಡೀ ಕಾಯ್ದೆಯನ್ನು ಜಾಲಾಡಿದರೂ ಸಿಗಲ್ಲ.

ಲಾಠಿಗೆ ಬರೋಣ. 2024ರ ಜುಲೈನಿಂದ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಆದರೆ ಪೊಲೀಸರು ಯಾವಾಗ ಬಲ ಬಳಸಬಹುದು ಅನ್ನುವ ವಿಷಯದಲ್ಲಿ ಹಳೆಯ ನಿಯಮವೇ ಮುಂದುವರಿದಿದೆ. ಬಂಧಿಸುವಾಗ ಬಲವಂತವಾಗಿ ಪ್ರತಿರೋಧ ಒಡ್ಡಿದರೆ ಬೇಕಾದಷ್ಟು ಬಲ ಬಳಸಬಹುದು. ಅಕ್ರಮ ಕೂಟವನ್ನು ಚದುರಿಸಲು ಬಳಸಬಹುದು. ಅಕ್ರಮ ಕೂಟ ಅನ್ನೋಕೆ ಕನಿಷ್ಠ ಐದು ಜನ ಬೇಕು. ಒಂದು ಸ್ಪ್ಲೆಂಡರ್ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಕೂತರೂ ನಾಲ್ಕೇ ಆಯಿತು ಸ್ವಾಮಿ! ಐನೂರು ರೂಪಾಯಿ ದಂಡದ ತಪ್ಪಿಗೆ ಬಂಧನವೇ ಇಲ್ಲದ ಮೇಲೆ ಬಲಪ್ರಯೋಗ ಎಲ್ಲಿಂದ ಬಂತು? 2018ರಲ್ಲಿ ತಮಿಳುನಾಡಿನ ತಿರುಚ್ಚಿ ಹತ್ತಿರ ಹೆಲ್ಮೆಟ್ ಇಲ್ಲ ಅಂತ ಬೈಕ್ ಬೆನ್ನಟ್ಟಿದ ಇನ್ಸ್‌ಪೆಕ್ಟರ್ ಒಬ್ಬರು ಓಡುತ್ತಿದ್ದ ಬೈಕಿಗೆ ಕಾಲಿನಿಂದ ಒದ್ದರು, ಹಿಂದೆ ಕೂತಿದ್ದ ಹೆಣ್ಣುಮಗಳು ಬಿದ್ದು ಸತ್ತಳು. ದೂರದ ಊರಿನ ಸುದ್ದಿ ಅಂತ ಓದಿ ಪಕ್ಕಕ್ಕಿಟ್ಟೆವು, ಏಳು ವರ್ಷಕ್ಕೆ ಅದು ಮಂಡ್ಯಕ್ಕೆ ಬಂತು.

‘ನಾಲ್ಕು ಬಿಗಿಯದಿದ್ರೆ ನಮ್ಮ ಜನ ಮಾತು ಕೇಳಲ್ಲ’ ಅನ್ನುವವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಬೇಕಾದಷ್ಟಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಔಷಧಿ ಚೀಟಿ ಹಿಡಿದು ಹೊರಟವನಿಗೆ ಲಾಠಿ ಬಿದ್ದ ವಿಡಿಯೊಗೂ ನಗುವ ಇಮೋಜಿ ಒತ್ತಿದವರು. ಅವರು ಯಾವಾಗಲೂ ಕೊಡುವ ಉದಾಹರಣೆ ಹೆದ್ದಾರಿಯಲ್ಲಿ ವೀಲಿಂಗ್ ಮಾಡುವ ಹುಡುಗರದ್ದು. ಒಪ್ಪಿದೆ, ಆ ಹುಡುಗರನ್ನು ಬಿಡಬಾರದು. ಆದರೆ ಬೆನ್ನಟ್ಟಿದರೆ ಎಂಬತ್ತರಲ್ಲಿ ಹೋಗುತ್ತಿದ್ದವನು ನೂರಿಪ್ಪತ್ತಕ್ಕೆ ಹೋಗುತ್ತಾನೆ, ಕೊನೆಗೆ ಗುದ್ದೋದು ಮಗಳನ್ನು ಟ್ಯೂಷನ್ನಿಗೆ ಬಿಡೋಕೆ ಹೊರಟ ಯಾರೋ ಒಬ್ಬರ ಸ್ಕೂಟಿಗೆ. ನಂಬರ್ ಪ್ಲೇಟ್ ಯಾಕಿದೆ? ಸಂಜೆ ಮನೆಗೆ ಹೋಗಿ ಅಪ್ಪನ ಮುಂದೆ ಗಾಡಿ ಹಿಡಿಯಿರಿ. ಪ್ಲೇಟ್ ಮಡಚಿಟ್ಟವನನ್ನು ಹಿಡಿಯೋಕೆ ನಮ್ಮೂರ ವೃತ್ತಗಳಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನ ಕ್ಯಾಮೆರಾಗಳಿವೆ. ಬೆಂಗಳೂರಿನಲ್ಲಿ ಕ್ಯಾಮೆರಾ ನೋಡಿ ಮೊಬೈಲಿಗೇ ನೋಟಿಸ್ ಬರುತ್ತೆ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ, 2023ರಲ್ಲೂ 2025ರಲ್ಲೂ, ಜನ ತಾವಾಗಿಯೇ ಮುಗಿಬಿದ್ದು ಕಟ್ಟಿದರು. ಯಾರ ಕೊರಳಪಟ್ಟಿಯನ್ನೂ ಯಾರೂ ಹಿಡಿಯಬೇಕಾಗಲಿಲ್ಲ.

ನಿಂತಿರುವ ಪೊಲೀಸರ ಪಾಡೂ ನೋಡಬೇಕು, ಇಲ್ಲದಿದ್ದರೆ ಅನ್ಯಾಯ. ಏಪ್ರಿಲ್ ಬಿಸಿಲಲ್ಲಿ, ವಸಂತನರಸಾಪುರದ ಕಡೆ ಹೋಗುವ ಲಾರಿಗಳ ಹೊಗೆ ಕುಡಿಯುತ್ತಾ ನಿಲ್ಲೋದು ತಮಾಷೆಯಲ್ಲ. ಅವರ ಮೇಲೂ ಗಾಡಿ ಹತ್ತಿಸಿ ಓಡಿದವರಿದ್ದಾರೆ. ‘ಮೇಲಿನವರು ಕೇಸ್ ಎಷ್ಟಾಯ್ತು ಅಂತ ಕೇಳ್ತಾರೆ ಸಾರ್, ನಾವೇನ್ ಮಾಡೋಣ’ ಅನ್ನುವ ಮಾತು ಟೀ ಅಂಗಡಿಯಲ್ಲಿ ಕೇಳಿದ್ದೇನೆ. ಟಾರ್ಗೆಟ್ ಇಲ್ಲ ಅಂತ ಸಾಹೇಬರು ಹೇಳುತ್ತಾರೆ. ಆದರೆ ತಿಂಗಳ ಕೊನೆಯ ವಾರ ಬ್ಯಾರಿಕೇಡ್ ಯಾಕೆ ಹೆಚ್ಚಾಗುತ್ತೆ ಅಂತ ಗುಬ್ಬಿ ಗೇಟಿನ ಪಂಕ್ಚರ್ ಅಂಗಡಿಯವನೂ ಬಿಡಿಸಿ ಹೇಳುತ್ತಾನೆ. ಕೇಸಿನ ಲೆಕ್ಕ ಕೇಳುವವರು, ಎಷ್ಟು ಜನ ಹೆಲ್ಮೆಟ್ ಹಾಕೋಕೆ ಶುರು ಮಾಡಿದರು ಅಂತ ಒಂದು ಸಲವಾದರೂ ಕೇಳಿದ್ದರೆ ತಪಾಸಣೆಗೆ ನಿಲ್ಲುವ ಎಎಸ್‌ಐ ಬಸ್ ಮರೆ ಬಿಟ್ಟು ಬಯಲಲ್ಲೇ ನಿಲ್ಲುತ್ತಿದ್ದರು. ಪೊಲೀಸ್ ನಿಂತಿದ್ದಾರೆ ಅಂತ ಕಂಡರೆ ಜನ ಹೆಲ್ಮೆಟ್ ಹಾಕುತ್ತಾರೆ. ಬಚ್ಚಿಟ್ಟುಕೊಂಡರೆ ಕೇಸ್ ಸಿಗುತ್ತೆ.

ಪೆಟ್ಟು ತಿಂದವನು ಯಾಕೆ ಸುಮ್ಮನಿರುತ್ತಾನೆ? ‘ಕರ್ತವ್ಯಕ್ಕೆ ಅಡ್ಡಿ’ ಅನ್ನುವ ಕೇಸಿನ ಭಯ. ಹಳೆಯ ಐಪಿಸಿ 353, ಈಗ ನ್ಯಾಯ ಸಂಹಿತೆಯ 132, ಎರಡು ವರ್ಷದವರೆಗೆ ಜೈಲು. ಮಾತಿಗೆ ಮಾತು ಬೆಳೆದು ಕೈ ತಳ್ಳಿದರೂ ಅದನ್ನು ಹಾಕಬಹುದು ಅಂತ ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟ್ ಮಾಡಿಸಬೇಕಾದವನು, ಸರ್ಕಾರಿ ಕೆಲಸಕ್ಕೆ ಕಾಯುತ್ತಿರುವವನು, ಪೊಲೀಸ್ ವೆರಿಫಿಕೇಶನ್ ನೆನೆಸಿಕೊಂಡು ಕೆನ್ನೆ ಸವರಿಕೊಂಡು ಹೋಗುತ್ತಾನೆ. 2006ರಲ್ಲಿ ಪೊಲೀಸ್ ಸುಧಾರಣೆಯ ಬಗ್ಗೆ ನಡೆದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಡಿವೈಎಸ್‌ಪಿ ಮಟ್ಟದವರೆಗಿನ ದೂರು ಜಿಲ್ಲೆಯಲ್ಲೇ ವಿಚಾರಣೆ ಆಗಬೇಕು ಅಂದಿತು. ನಮ್ಮ ಪೊಲೀಸ್ ಕಾಯ್ದೆಗೂ ಅದನ್ನು ಸೇರಿಸಿದ್ದಾರೆ. ತುಮಕೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಅದರ ಕಚೇರಿ ಎಲ್ಲಿದೆ ಅಂತ ಕೇಳಿ, ಒಬ್ಬರು ಹೇಳಿದರೂ ನನಗೆ ಆಶ್ಚರ್ಯ.

2023ರಲ್ಲಿ ಗೃಹ ಖಾತೆ ಮತ್ತೆ ಕೊರಟಗೆರೆ ಶಾಸಕರಿಗೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಪಟಾಕಿ ಹೊಡೆದಿದ್ದರು. ಗೃಹ ಸಚಿವರನ್ನು ಕೊಟ್ಟ ಜಿಲ್ಲೆ ಅಂತ ಹೆಮ್ಮೆ ಪಡುವವರು ಒಂದು ಕೆಲಸ ಮಾಡಿಸಲಿ. ಡಿಜಿಪಿ ಸುತ್ತೋಲೆಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ, ಕ್ಯಾತಸಂದ್ರದಿಂದ ಶಿರಾ ಗೇಟಿನವರೆಗೆ ಪ್ರತಿ ಬ್ಯಾರಿಕೇಡಿಗೂ ಕಟ್ಟಿಸಲಿ. ಕೆಳಗೆ ದೂರು ಕೊಡುವ ಫೋನ್ ನಂಬರ್ ಇರಲಿ, ಬಾಡಿ ಕ್ಯಾಮೆರಾ ಆನ್ ಇಲ್ಲದೆ ದಂಡ ಹಾಕುವಂತಿಲ್ಲ ಅನ್ನುವ ಒಂದು ಸಾಲೂ ಇರಲಿ. ಫ್ಲೆಕ್ಸ್ ಖರ್ಚು ದೊಡ್ಡದೇನಲ್ಲ. ಸಚಿವರ ಹುಟ್ಟುಹಬ್ಬಕ್ಕೆ ಕಟ್ಟುವ ಬ್ಯಾನರುಗಳಲ್ಲಿ ನಾಲ್ಕು ಕಮ್ಮಿ ಮಾಡಿದರೆ ಆಯಿತು.