ಸ್ಕ್ಯಾನರ್ ಮೇಲೆ ಇಡ್ಲಿ ಬಟ್ಟೆ

ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಬೇಕಾಗಿದ್ದದ್ದು ಎರಡೇ. ಒಂದು ಹಸಿವು, ಇನ್ನೊಂದು ಮೊಬೈಲ್‌ನಲ್ಲಿ ಚಾರ್ಜು. 2025ರ ಜುಲೈನಲ್ಲಿ ಹೋದರೆ ಗಲ್ಲಾ ಮೇಲಿನ ಸ್ಕ್ಯಾನರ್‌ಗೆ ಒದ್ದೆ ಇಡ್ಲಿ ಬಟ್ಟೆ ಹೊದಿಸಿದ್ದರು. ಪಕ್ಕದ ರಟ್ಟಿನಲ್ಲಿ 'ನೋ ಯುಪಿಐ, ಕ್ಯಾಶ್ ಮಾತ್ರ'.

"ಏನಣ್ಣ, ಸ್ಪೀಕರ್ ಮಾತಾಡ್ತಿಲ್ಲ?"

"ಮಾತು ಜಾಸ್ತಿ ಆಗಿತ್ತು ಸಾರ್. ಬಾಯಿ ಮುಚ್ಚಿಸಿದೀನಿ."

ನಿಜ ತಾನೇ? ವರ್ಷಗಟ್ಟಲೆ ಆ ಡಬ್ಬಿ ಇಡೀ ಬೀದಿಗೆ ಕೇಳೋ ಹಾಗೆ ಗಲ್ಲಾ ಲೆಕ್ಕ ಒದರಿದೆ. ನಾವು ಇಡ್ಲಿ ಮೇಲೆ ಬೆಣ್ಣೆ ಕರಗೋದು ನೋಡ್ತಾ ಕೂತಿದ್ದೆವು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದಲೂ ಬಂದ ಯುಪಿಐ ಲೆಕ್ಕ ತರಿಸಿಕೊಂಡು, ತೆರಿಗೆ ಬಾಕಿ ಅಂತ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು.

ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಹೋಟೆಲಿನಂಥ ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಾಟಿದವರು ಕಟ್ಟಲಿ, ನನ್ನದೇನೂ ತಕರಾರಿಲ್ಲ. ಆದರೆ ಸ್ಕ್ಯಾನರ್‌ಗೆ ದುಡ್ಡು ಬಂದಿದ್ದು ಗೊತ್ತು, ಯಾಕೆ ಬಂತು ಅನ್ನೋದು ಗೊತ್ತಿಲ್ಲ. ಬಾಮೈದ ವಾಪಸ್ ಕೊಟ್ಟ ಕೈಸಾಲ, ಎತ್ತಿದ ಚೀಟಿ ದುಡ್ಡು, ನಾಮಕರಣದ ಮುಯ್ಯಿ, ಎಲ್ಲವೂ ಅದರ ಪಾಲಿಗೆ ಇಡ್ಲಿಯೇ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರೋರಿಗೂ ನೋಟಿಸ್ ಹೋಯಿತು. ಗಲಾಟೆ ಎದ್ದ ಮೇಲೆ, ಅದು ಬರೀ ನೋಟಿಸ್, ವಿವರಣೆ ಕೊಟ್ಟರೆ ಸಾಕು ಅಂತ ಇಲಾಖೆ. ಹಳೇ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿ ಅಂತ ಮುಖ್ಯಮಂತ್ರಿ. ಅಂದರೆ ಮೊದಲು ಹೆದರಿಸಿ, ಆಮೇಲೆ ಸಮಾಧಾನ ಮಾಡೋದು.

ನನ್ನ ಕಷ್ಟ ಬೇರೆ. ಜೇಬಲ್ಲಿ ಒಂದು ನೋಟೂ ಇಲ್ಲ. ಮೊದಲನೇ ಎಟಿಎಂ ಕೆಟ್ಟಿತ್ತು. ಎರಡನೇದು 500ರ ಒಂದೇ ನೋಟು ಉಗುಳಿತು. ಹಿಂದೆಯೇ ಬ್ಯಾಂಕಿನ ಮೆಸೇಜು: ತಿಂಗಳ ಪುಕ್ಕಟೆ ಮಿತಿ ಮುಗಿದಿದೆ, 23 ರೂಪಾಯಿ ಕಡಿತ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ.

ತಿನ್ನುತ್ತಾ ಲೆಕ್ಕ ಹಾಕಿದೆ. ಎರಡು ಇಡ್ಲಿಗೆ 60 ರೂಪಾಯಿ. ಅಣ್ಣ ನೋಂದಣಿ ಮಾಡಿಸಿ ಶೇಕಡಾ 5 ತೆರಿಗೆ ಹಾಕಿದ್ದರೂ ಆಗ್ತಿದ್ದದ್ದು 3 ರೂಪಾಯಿ. ಅದನ್ನ ತಪ್ಪಿಸೋಕೆ ನಗದು ತಂದ ನಾನು ಕಟ್ಟಿದ ಜಿಎಸ್‌ಟಿ 4 ರೂಪಾಯಿ 14 ಪೈಸೆ.

ಅಣ್ಣನ ಹತ್ತಿರ ಚಿಲ್ಲರೆ ಇರಲಿಲ್ಲ. 430 ರೂಪಾಯಿ, ಮಿಕ್ಕ ಹತ್ತಕ್ಕೆ ಚಾಕೊಲೇಟ್ ಕೊಟ್ಟರು. ಬಿಲ್ ಕೇಳಲಿಲ್ಲ.