ಸತ್ಯಾಂಶ: ಸುದ್ದಿ ನೋಡುವುದನ್ನು ನಿಲ್ಲಿಸಿದರೆ ಕರುಣೆ ಇಲ್ಲ ಎಂದರ್ಥವೇ?

'ಕೆಟ್ಟ ಸುದ್ದಿ ಬಂದಾಗ ಟಿವಿ ಆರಿಸುವವರಿಗೆ ಕರುಳೇ ಇಲ್ಲ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ತಪ್ಪು.

2013ರ ಏಪ್ರಿಲ್ 15ರಂದು ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಆಮೇಲಿನ ವಾರ ಜನ ಎಷ್ಟು ಸುದ್ದಿ ನೋಡಿದರು ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕೇಳಿದರು. ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಜಾಸ್ತಿ ನೋಡಿದವರಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ದವು. ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು! (ಮೊದಲೇ ಗಾಬರಿಯಾದವರು ಜಾಸ್ತಿ ನೋಡಿರಲೂಬಹುದು, ಅದು ಬೇರೆ ಮಾತು.)

ಅದೇ ದೃಶ್ಯವನ್ನು ಸುಮ್ನೆ ಹತ್ತು ಸಲ ನೋಡಿದರೆ ಗಾಯಗೊಂಡವರಿಗೆ ಏನೂ ಸಿಗುವುದಿಲ್ಲ, ಅಲ್ವಾ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ. ನೆರೆ ಬಂದ ಊರಿಗೆ ಹೊದಿಕೆ ಕಳಿಸಲು, ರಕ್ತ ಕೊಡಲು ಅಷ್ಟು ಸುದ್ದಿ ಸಾಕು.